ಕಪಾಟಿನೊಳಗಿನ ವಾಣಿ

ನಾನು ಬಾಯಿ ತೆರೆದರೆ ಇಡೀ ಊರು ಕಿವಿಗೊಡುತ್ತದೆ. ಇದು ಜಂಬದ ಮಾತಲ್ಲ, ನನ್ನ ಉದ್ಯೋಗವೇ ಅದು. ನಮ್ಮೂರಿನ ಬಸ್ ನಿಲ್ದಾಣದಲ್ಲಿ ಒಂದು ಗಾಜಿನ ಗೂಡಿದೆ. ಅದರೊಳಗೆ ಕೂತು "ಪ್ರಯಾಣಿಕರ ಗಮನಕ್ಕೆ" ಎಂದು ಶುರು ಮಾಡುವ ಆ ಗಂಭೀರ ಧ್ವನಿ ಸಾಕ್ಷಾತ್ ನನ್ನದು. ಬಸ್ಸು ಈ ಕಡೆಯಲ್ಲ, ಆ ಕಡೆ ನಿಲ್ಲುತ್ತದೆ ಎಂದು ನಾನೊಂದು ಮಾತು ಹೇಳಿದರೆ ಸಾಕು, ಮೂಟೆ, ಮಕ್ಕಳು, ಮುದುಕರ ಸಮೇತ ಒಂದು ಜನಸಾಗರ ಎದ್ದು ಆ ಕಡೆಗೆ ಓಡುತ್ತದೆ. ಚಕ್ರವರ್ತಿಗಳಿಗೂ ಇಂಥ ವಿಧೇಯ ಪ್ರಜೆಗಳು ಇದ್ದಿರಲಾರರು. ಅಂಥ ನಾನು ಮನೆಗೆ ಬಂದು, ಚಪ್ಪಲಿ ಬಿಟ್ಟು, "ಒಂದು ಲೋಟ ನೀರು ಕೊಡೇ" ಎಂದರೆ ಒಳಗಿನಿಂದ ಬರುವ ಉತ್ತರ ಒಂದೇ: "ಏನಂದ್ರೀ?"

ಮನೆಯಲ್ಲಿ ನನ್ನ ಮಾತು ನಡೆಯದಿರುವುದಕ್ಕೆ ಎರಡು ಕಾರಣಗಳಿವೆ. ಒಂದು, ನನ್ನ ಹೆಂಡತಿ. ಎರಡನೆಯದು, ಅವಳ ತಾಯಿ. ಅತ್ತೆಯವರು ಮೊಣಕಾಲಿಗೆ ಔಷಧ ಮಾಡಿಸಿಕೊಳ್ಳಲೆಂದು ನಮ್ಮ ಮನೆಗೆ ಬಂದವರು. ಮೊಣಕಾಲಿನ ನೋವು ಹೋಯಿತು, ಅತ್ತೆಯವರು ಉಳಿದರು. ತಾಯಿ ಮಗಳ ಸಂಭಾಷಣೆ ಬೆಳಗ್ಗೆ ಹಾಲು ಕಾಯಿಸುವಾಗ ಹೊರಟಿತೆಂದರೆ ಅದು ಎಲ್ಲೂ ನಿಲುಗಡೆಯಿಲ್ಲದ ಬಸ್ಸು. ನಡುವೆ ಹತ್ತೋಣವೆಂದು ನಾನು ಕೈ ಅಡ್ಡ ಹಾಕಿದರೂ ಡ್ರೈವರು ಮುಖ ಕೂಡ ತಿರುಗಿಸುವುದಿಲ್ಲ. ಹೀಗಾಗಿ ನಾನು ಮನೆಗೆ ಬಂದೊಡನೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಮೌನವ್ರತಕ್ಕೆ ಕೂರುತ್ತಿದ್ದೆ. (ನಿಜ ಹೇಳಬೇಕೆಂದರೆ, ದಿನವಿಡೀ ಕೂಗಿ ಬಂದವನಿಗೆ ಮನೆಯಲ್ಲಿ ಮಾತು ಬೇಡವೂ ಆಗಿರುತ್ತದೆ. ಆದರೆ ಅದನ್ನೆಲ್ಲ ನನ್ನ ದೂರಿನಲ್ಲಿ ಸೇರಿಸಿ ದೂರನ್ನು ದುರ್ಬಲಗೊಳಿಸಿಕೊಳ್ಳುವಷ್ಟು ಪೆದ್ದ ನಾನಲ್ಲ.)

ನನ್ನ ಗೂಡಿನ ಪಕ್ಕದಲ್ಲೇ "ವಿಚಾರಣೆ" ಎಂಬ ಫಲಕದ ಕೆಳಗೆ ಕೂರುವ ಗೆಳೆಯನೊಬ್ಬನಿದ್ದಾನೆ. ಆ ಫಲಕವೇ ಅವನ ಹೆಸರಾಗಿ ಹೋಗಿದೆ. ಊಟದ ಹೊತ್ತಿನಲ್ಲಿ ನಾನು ಸಂಸಾರದ ಗೋಳು ಹೇಳಿಕೊಳ್ಳುವುದು ಅವನ ಹತ್ತಿರವೇ. ಒಂದು ದಿನ ಅವನು ಡಬ್ಬಿಯ ಮುಚ್ಚಳವನ್ನು ಧಪ್ಪನೆ ಹಾಕಿದ.

"ಅಲ್ಲಯ್ಯಾ, ಇಂಥ ಕಂಠ ಇಟ್ಕೊಂಡು ಬಸ್ ನಂಬರ್ ಕೂಗ್ತಾ ಕೂತಿದ್ದೀಯಲ್ಲ! ನನ್ನ ಷಡ್ಡಕ ಹಲ್ಲುಜ್ಜೋದನ್ನ ವೀಡಿಯೊ ಮಾಡಿ ಹಾಕ್ತಾನೆ. ಅದನ್ನ ನೋಡೋಕೂ ಜನ ಇದ್ದಾರೆ. ನೀನು ಮಾತಾಡಿ ಹಾಕು."

"ಏನು ಮಾತಾಡಲಿ?"

"ದಿನಾ ನನ್ನ ತಲೆ ತಿಂತೀಯಲ್ಲ, ಅದನ್ನೇ. ಮುಖ ತೋರಿಸ್ಬೇಡ, ಹೆಸರು ಹೇಳ್ಬೇಡ. ಕೇಳೋರು ಕೇಳ್ತಾರೆ. ನಾನಂತೂ ನೆಮ್ಮದಿಯಾಗಿ ಊಟ ಮಾಡ್ತೀನಿ."

ಅವನು ಹೇಳಿದ್ದು ತನ್ನ ನೆಮ್ಮದಿಗಾಗಿ. ನನಗೆ ಮಾತ್ರ ಅದು ಜ್ಞಾನೋದಯವಾಗಿ ಕಂಡಿತು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ? ಮನೆಯವರಿಗೆ ಬೇಡವಾದ ನನ್ನ ವಾಣಿ ಲೋಕಕ್ಕೆ ಬೇಕಾಗಿರಬಹುದು! ಮರುದಿನವೇ ಫೋನಿನಲ್ಲಿ ನನ್ನ ಧ್ವನಿ ಕಾರ್ಯಕ್ರಮ ಶುರುವಾಯಿತು. ಶೀರ್ಷಿಕೆ: "ನೊಂದ ಗಂಡನ ನಿವೇದನೆ." ನಿರೂಪಕನ ಹೆಸರು: ನೊಂದ ಗಂಡ. ಧ್ವನಿ ಗುರುತು ಸಿಗದಂತೆ ಮಾಡುವ ಒಂದು ಆ್ಯಪನ್ನೂ ವಿಚಾರಣೆಯೇ ಹಾಕಿಕೊಟ್ಟ. ಅದರಲ್ಲಿ ಮಾತಾಡಿದರೆ ಪಾತಾಳದಲ್ಲಿ ನೆಗಡಿಯಾಗಿರುವ ರಾಕ್ಷಸ ಮಾತಾಡಿದಂತೆ ಕೇಳುತ್ತಿತ್ತು.

ಇನ್ನು ಸ್ಟುಡಿಯೋ. ನಮ್ಮದು ಚಿಕ್ಕ ಮನೆ. ಒಂದು ಹಾಲು, ಒಂದು ಮಲಗುವ ಕೋಣೆ, ಅಡುಗೆಮನೆ, ಅತ್ತೆಯವರು ಆಕ್ರಮಿಸಿಕೊಂಡಿರುವ ಇನ್ನೊಂದು ಕೋಣೆ. ನಾನು ಆರಿಸಿಕೊಂಡದ್ದು ಮಲಗುವ ಕೋಣೆಯ ಗೋಡೆಕಪಾಟನ್ನು. ಬಟ್ಟೆಗಳ ನಡುವೆ ಕೂತರೆ ಧ್ವನಿ ಮಾರ್ದನಿಸುವುದಿಲ್ಲ. ವೃತ್ತಿಯವನಲ್ಲವೇ, ಅಷ್ಟೂ ಗೊತ್ತಿಲ್ಲದೆ ಇರುತ್ತದೆಯೇ? ಸಂಜೆ ಇವಳು ಅಡುಗೆಗೆ ನಿಂತೊಡನೆ, "ಬಟ್ಟೆ ಜೋಡಿಸ್ತೀನಿ ಕಣೇ" ಎಂದು ಕೋಣೆಗೆ ನುಗ್ಗಿ, ಕಪಾಟಿನೊಳಗೆ ಮಡಚಿಕೊಂಡು ಕೂತು, ಬಾಗಿಲೆಳೆದುಕೊಳ್ಳುತ್ತಿದ್ದೆ. ಮದುವೆಯಾದಂದಿನಿಂದ ಒಂದು ಟವೆಲ್ಲನ್ನೂ ಮಡಚದ ಗಂಡ ದಿನಾ ಬಟ್ಟೆ ಜೋಡಿಸುತ್ತೇನೆಂದರೆ ಯಾವ ಹೆಂಡತಿಗಾದರೂ ಅನುಮಾನ ಬರಬೇಕು. ಇವಳು "ಜೋಡಿಸಿ, ಜೋಡಿಸಿ" ಎಂದಳು. ಆಗಲಾದರೂ ನನಗೆ ಬುದ್ಧಿ ಬರಬೇಡವೇ?

ಕಪಾಟಿನೊಳಗೆ ನಾನು ಬೇರೆಯೇ ಮನುಷ್ಯನಾಗಿಬಿಡುತ್ತಿದ್ದೆ. ಮಾತು ನೊರೆನೊರೆಯಾಗಿ ಉಕ್ಕಿ ಬರುತ್ತಿತ್ತು. ಮೊದಲ ಕಂತು: "ನನ್ನ ಪತ್ನಿ ಮತ್ತು ಅವಳ ಏನಂದ್ರೀ." ಎರಡನೆಯದು: "ಟೀವಿ ರಿಮೋಟಿನ ಮೇಲೆ ಗಂಡಸಿನ ಹಕ್ಕು: ಒಂದು ಇತಿಹಾಸ." ಮೂರನೆಯದನ್ನು ಸಂಪೂರ್ಣವಾಗಿ ಅತ್ತೆಯವರಿಗೇ ಮೀಸಲಿಟ್ಟೆ. ಅವರು ಕಾಫಿಗೆ ಬಿಸ್ಕತ್ತು ಅದ್ದುವ ವಿಧಾನ, ಅದು ಮುರಿದು ಲೋಟದೊಳಗೆ ಬಿದ್ದಾಗ ನನ್ನನ್ನೇ ಅಪರಾಧಿಯಂತೆ ನೋಡುವ ನೋಟ, ಯಾವುದನ್ನೂ ಬಿಡಲಿಲ್ಲ.

ಕೇಳುಗರು ಬಂದರು! ಮೊದಲು ಬೆರಳೆಣಿಕೆ, ಆಮೇಲೆ ಹಿಂಡು ಹಿಂಡಾಗಿ. ಬಸ್ ನಿಲ್ದಾಣದಲ್ಲಿ ಸಾವಿರಾರು ಜನ ನನ್ನ ಮಾತು ಕೇಳುತ್ತಾರೆ, ಒಬ್ಬನಾದರೂ ಗೂಡಿನ ಹತ್ತಿರ ಬಂದು "ಇವತ್ತು ಚೆನ್ನಾಗಿ ಕೂಗಿದಿರಿ ಸಾರ್" ಎಂದದ್ದಿಲ್ಲ. ಇಲ್ಲಿ ಹೂವು, ಹೃದಯ, ಅಳುಮುಖ, ನಗುಮುಖಗಳ ಸುರಿಮಳೆ. ಅವರಲ್ಲೆಲ್ಲ ನನಗೆ ಅಚ್ಚುಮೆಚ್ಚಾದವರು "ಹಿತೈಷಿ" ಎಂಬ ಅನಾಮಿಕರು. ಪ್ರತಿ ಕಂತಿಗೂ ತಪ್ಪದೆ ಬರೆಯುತ್ತಿದ್ದರು. ಅತ್ತೆಯ ಕಂತಿಗೆ ಮಾತ್ರ, "ಮಗೂ, ಆ ಹಿರಿಯ ಜೀವದ ಕಡೆಯಿಂದಲೂ ಸ್ವಲ್ಪ ಯೋಚಿಸು. ಕಾಫಿ ಇನ್ನಷ್ಟು ಬಿಸಿಯಾಗಿದ್ದರೆ ಬಿಸ್ಕತ್ತನ್ನು ಅಷ್ಟು ಹೊತ್ತು ಅದ್ದಬೇಕಾಗುತ್ತಿರಲಿಲ್ಲವೇನೋ" ಎಂದು ಬರೆದರು. ಎಂಥ ಸಮತೂಕದ ಮನಸ್ಸು ಎಂದು ಮೆಚ್ಚಿಕೊಂಡು, ಮರುದಿನದಿಂದ ಅತ್ತೆಯವರ ಕಾಫಿಯನ್ನು ನಾನೇ ಇನ್ನೊಮ್ಮೆ ಬಿಸಿ ಮಾಡಿ ಕೊಡತೊಡಗಿದೆ.

ಒಂದು ದಿನ ಕೆಲಸದಿಂದ ಬಂದು ನೋಡುತ್ತೇನೆ, ಇವಳು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾಳೆ. ಭುಜದ ಮೇಲಿಂದ ಇಣುಕಿದೆ. ಫೋನಿನ ಪರದೆಯ ಮೇಲೆ "ನೊಂದ ಗಂಡನ ನಿವೇದನೆ"!

"ಏನದು?" ಎಂದೆ, ಆದಷ್ಟು ನಿರ್ಲಿಪ್ತನಾಗಿ.

"ಯಾರೋ ಪಾಪದ ಪ್ರಾಣಿ ಕಣ್ರೀ. ಹೆಂಡತಿ ಕಾಟ ಹೇಳ್ಕೊಂಡು ಅಳ್ತಾನೆ. ಎಷ್ಟು ಚೆನ್ನಾಗಿ ಮಾತಾಡ್ತಾನೆ ಗೊತ್ತಾ? ಗಂಡಸು ಅಂದ್ರೆ ಹಾಗೆ ಬಾಯಿ ಬಿಟ್ಟು ಮಾತಾಡ್ಬೇಕು. ನೀವೂ ಇದ್ದೀರಿ."

"ಅವನ ಹೆಂಡತೀನ ಹೆತ್ತಳಲ್ಲ, ಆ ತಾಯಿಗೆ ಹೇಳ್ಬೇಕು!" ಎಂದು ಅತ್ತೆಯವರು ಹಾಲಿನಿಂದಲೇ ತೀರ್ಪು ಕೊಟ್ಟರು. ನಾನು ಕೆಮ್ಮಿದೆ. ನೀರು ಕುಡಿದೆ. ಮತ್ತೆ ಕೆಮ್ಮಿದೆ.

ಬಚಾವಾದೆನೆಂಬ ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. ಅದರ ಜಾಗದಲ್ಲಿ ಒಂದು ವಿಚಿತ್ರ ಸಂಕಟ ಬಂದು ಕೂತಿತು. ಊಟಕ್ಕೆ ಕೂತರೆ, "ಇವತ್ತು ನೊಂದ ಗಂಡ ಏನಂದ ಗೊತ್ತಾ?" ಬಟ್ಟೆ ಒಣಗಿಸುವಾಗ, "ಪಾಪ, ನೊಂದ ಗಂಡನಿಗೆ ಇವತ್ತು ನೆಗಡಿ ಅನ್ಸುತ್ತೆ." ಎದುರಿಗೆ ನಾನು ನಿಜವಾಗಿಯೇ ಸೀನುತ್ತಿದ್ದರೆ ಅದು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ನನ್ನ ಹೆಂಡತಿ ಪರಪುರುಷನೊಬ್ಬನಿಗೆ ಮರುಳಾಗಿದ್ದಾಳೆ, ಆ ಪರಪುರುಷ ನಾನೇ, ಅವನನ್ನು ಹಿಡಿದು ತದಕೋಣವೆಂದರೆ ಏಟು ಬೀಳುವುದು ನನಗೇ. ಇಂಥ ಹೊಟ್ಟೆಕಿಚ್ಚನ್ನು ಯಾವ ಗಂಡಸೂ ಅನುಭವಿಸಿರಲಾರ.

ಆಮೇಲೆ ಅವಳು ನೊಂದ ಗಂಡನಿಗೆ ಖಾಸಗಿಯಾಗಿ ಧ್ವನಿಸಂದೇಶ ಕಳಿಸಲು ಶುರು ಮಾಡಿದಳು. "ಅಣ್ಣಾ, ನಾನೊಬ್ಬ ಗೃಹಿಣಿ," ಎಂದು ಆರಂಭ. (ಧ್ವನಿ ಕೇಳಿದೊಡನೆ ಕಪಾಟಿನೊಳಗೆ ನನ್ನ ತಲೆ ಮೇಲಿನ ಹಲಗೆಗೆ ಬಡಿಯಿತು.) "ನಮ್ಮನೆ ಅಡುಗೆಮನೆ ನಲ್ಲಿ ಎಷ್ಟೋ ದಿನದಿಂದ ತೊಟ್ಟಿಕ್ತಿದೆ. ನಮ್ಮೆಜಮಾನ್ರಿಗೆ ಹೇಳಿ ಹೇಳಿ ನನ್ನ ಬಾಯಿ ಸೋತುಹೋಯ್ತು." ನಾನು ಪಾತಾಳದ ಧ್ವನಿಯಲ್ಲಿ ಉತ್ತರಿಸಿದೆ: "ಸಹೋದರಿ, ಧೈರ್ಯಗೆಡಬೇಡಿ. ನಿಮ್ಮ ಗುಟ್ಟು ನನ್ನಲ್ಲಿ ಭದ್ರ. ಗೌಪ್ಯತೆಯೇ ನಮ್ಮ ಧರ್ಮ." ಮರುದಿನ ನಲ್ಲಿ ರಿಪೇರಿಯವನನ್ನು ಕರೆದುಕೊಂಡು ಬಂದೆ. ಇವಳು ಹುಬ್ಬೇರಿಸಿದಳು, ಅಷ್ಟೇ. ಇನ್ನೊಂದು ಸಂದೇಶದಲ್ಲಿ ಮಲಗುವ ಕೋಣೆಯ ಫ್ಯಾನಿನ ಕಿರುಗುಡುವಿಕೆ ಬಂತು. ಫ್ಯಾನಿಗೆ ಎಣ್ಣೆ ಬಿತ್ತು. ಬಾಲ್ಕನಿಯಲ್ಲಿ ನಾನು ಗುಡ್ಡೆ ಹಾಕಿದ್ದ ಹಳೇ ಪೇಪರುಗಳ ಮಾತು ಬಂತು. ಗುಡ್ಡ ಕರಗಿತು. ಹೆಂಡತಿಯ ಮನಸ್ಸಿನಲ್ಲಿರುವುದು ಮೊದಲೇ ತಿಳಿದುಬಿಡುವ ಗಂಡನಷ್ಟು ಸುಖಿ ಯಾರಿದ್ದಾರೆ ಎಂದು ಬೀಗಿದೆ.

ಆಮೇಲೊಂದು ಸಂದೇಶ ಬಂತು. ಅದರಲ್ಲಿ ನಲ್ಲಿಯೂ ಇರಲಿಲ್ಲ, ಫ್ಯಾನೂ ಇರಲಿಲ್ಲ.

"ಅಣ್ಣಾ, ನಮ್ಮೆಜಮಾನ್ರು ಕೆಟ್ಟೋರಲ್ಲ. ಆದ್ರೆ ಮನೇಲಿ ಮಾತೇ ಆಡಲ್ಲ. ಮೊದಲೆಲ್ಲ ಹಾಗಿರಲಿಲ್ಲ. ಅವ್ರ ದನಿ ಕೇಳ್ಬೇಕು ಅನ್ನಿಸಿದ್ರೆ ನಾನು ತರಕಾರಿ ನೆಪ ಹೇಳಿ ಬಸ್ ನಿಲ್ದಾಣಕ್ಕೆ ಹೋಗ್ತೀನಿ. ಅಲ್ಲಿ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಅವ್ರು ಕೂಗೋದನ್ನ ಕೇಳಿ, ಎದ್ದು ಬರ್ತೀನಿ."

ಅದನ್ನು ಇನ್ನೊಮ್ಮೆ ಹಾಕಿ ಕೇಳಿದೆ. ನನ್ನ ಗೂಡಿಗೆ ಮೂರು ಕಡೆ ಗಾಜಿದೆ. ಇಷ್ಟು ದಿನ ನಾನು ಬಸ್ಸುಗಳನ್ನು ನೋಡಿದೆನೇ ಹೊರತು ಬೆಂಚುಗಳನ್ನು ನೋಡಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಮಾರಿ ನಾನೇ. ಇವಳನ್ನು ಹೀಗೇ ಬಿಟ್ಟರೆ ನಮ್ಮಿಬ್ಬರ ನಡುವೆ ಉಳಿಯುವುದು ಬರೀ ಧ್ವನಿವರ್ಧಕ ಎಂದು ಭಯವೂ ಆಯಿತು. ಆ ಸಂಜೆ ಪೇಪರು ಹಿಡಿಯಲಿಲ್ಲ. ನೇರವಾಗಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಏನಾದರೂ ಮೃದುವಾಗಿ ಹೇಳಬೇಕು. ಬಾಯಿಗೆ ಬಂದದ್ದು ಇಷ್ಟು:

"ಇನ್ಮೇಲೆ ನೀನು ಅಲ್ಲಿ ಬೆಂಚಿನ ಮೇಲೆಲ್ಲ ಕೂತ್ಕೋಬೇಡ ಕಣೇ. ಗೂಡಿನೊಳಕ್ಕೇ ಬಾ."

ಈರುಳ್ಳಿ ಹೆಚ್ಚುತ್ತಿದ್ದ ಚಾಕು ನಿಂತಿತು.

"ಯಾವ ಬೆಂಚು?"

"ಅದೇ... ಬಸ್ ನಿಲ್ದಾಣದ..."

"ನಾನು ಬೆಂಚಿನ ಮೇಲೆ ಕೂರೋದು ನಿಮಗೆ ಯಾರು ಹೇಳಿದ್ರು?"

ಅತ್ತ ದರಿ, ಇತ್ತ ಪುಲಿ. ಒಂದೋ, ನಿನ್ನ ಫೋನನ್ನು ಕದ್ದು ನೋಡಿದೆ ಎನ್ನಬೇಕು. ಇಲ್ಲವೋ, ನಿನ್ನ ಮರ್ಯಾದೆಯನ್ನೂ ನಿನ್ನ ತಾಯಿಯ ಬಿಸ್ಕತ್ತನ್ನೂ ಜಗತ್ತಿಗೆ ಹಂಚಿದವನು ನಾನೇ ಎನ್ನಬೇಕು. ಎರಡು ಅಪರಾಧಗಳನ್ನೂ ಮನಸ್ಸಿನಲ್ಲೇ ತಕ್ಕಡಿಗೆ ಹಾಕಿ ಹಗುರವಾದದ್ದನ್ನು ಎತ್ತಿಕೊಂಡೆ.

"ನಿನ್ನ ಫೋನು ನೋಡ್ದೆ," ಎಂದೆ.

"ಅಮ್ಮಾ! ಬಾ ಇಲ್ಲಿ! ಇವ್ರು ನನ್ನ ಫೋನು ಕದ್ದು ನೋಡಿದಾರಂತೆ!"

ಅತ್ತೆಯವರು ಬಂದ ವೇಗ ನೋಡಿದರೆ ಆ ಮೊಣಕಾಲಿಗೆ ಎಂದೂ ಏನೂ ಆಗಿರಲಿಲ್ಲ. ಬಂದವರೇ ಸ್ಟೂಲು ಎಳೆದುಕೊಂಡು ನ್ಯಾಯಾಧೀಶರಂತೆ ಕೂತರು. "ಏನು ಅಳಿಯಂದಿರೇ ಇದು? ಹೆಂಗಸಿಗೆ ತನ್ನದು ಅಂತ ಒಂದು ಗುಟ್ಟು ಬೇಡ್ವಾ? ನಿಮ್ಮ ಮಾವನವರು ಇಷ್ಟು ವರ್ಷ ಬದುಕಿದ್ರು, ಒಂದು ದಿನ ನನ್ನ ಫೋನು ಮುಟ್ಟಿರಲಿಲ್ಲ."

"ಅತ್ತೆ, ಮಾವನವರ ಕಾಲದಲ್ಲಿ ಫೋನೇ ಇರಲಿಲ್ಲ."

"ಇದ್ದಿದ್ರೂ ಮುಟ್ತಿರಲಿಲ್ಲ!"

"ಸರಿ," ಎಂದು ಇವಳು ಕೈ ಒರೆಸಿಕೊಂಡು ಮುಂದೆ ಚಾಚಿದಳು. "ನನ್ನದು ನೀವು ನೋಡಿದ್ರಿ. ನಿಮ್ಮದು ನಾನು ನೋಡ್ತೀನಿ. ಕೊಡಿ ಫೋನು."

"ಅದು... ಚಾರ್ಜ್ ಇಲ್ಲ."

"ಕೊಡಿ ಅಂದೆ."

ಕೊಟ್ಟೆ. ಅವಳು ಎಲ್ಲೂ ಹುಡುಕಲಿಲ್ಲ. ತನ್ನದೇ ಫೋನೆಂಬಂತೆ ಬೀಗ ತೆರೆದು, ನೇರವಾಗಿ ನೊಂದ ಗಂಡನ ಪುಟಕ್ಕೆ ಹೋಗಿ, ತನ್ನದೇ ಸಂದೇಶವನ್ನು ಒತ್ತಿ ನನ್ನ ಮುಖಕ್ಕೆ ಹಿಡಿದಳು. "ಅಣ್ಣಾ, ನಾನೊಬ್ಬ ಗೃಹಿಣಿ," ಎಂದಿತು ಫೋನು. ಆಮೇಲೆ ನನ್ನ ಉತ್ತರ.

"ಕಟ್ಕೊಂಡ ಹೆಂಡ್ತಿಗೆ ಸಹೋದರಿ ಅಂದ್ರಲ್ರೀ! ನಾಚಿಕೆ ಆಗ್ಲಿಲ್ವಾ?"

"ನೀನು ಅಣ್ಣಾ ಅಂದದ್ದಕ್ಕೆ..." ಎಂದೆ. ಅಷ್ಟು ಹೊತ್ತಿಗೆ ನನ್ನ ತಲೆಯೊಳಗೆ ಬೆಳಕಾಗತೊಡಗಿತ್ತು. "ಅಂದ್ರೆ ನಿನಗೆ ಗೊತ್ತಿತ್ತಾ?"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಇವಳು ಒಲೆಯ ಪಕ್ಕದ ಗೋಡೆಯನ್ನು ಬೆರಳಿನಿಂದ ಟಕಟಕ ಕುಟ್ಟಿದಳು. ಗೋಡೆಯಲ್ಲ ಅದು, ತೆಳ್ಳನೆ ಹಲಗೆ. ಅದರಾಚೆ ಮಲಗುವ ಕೋಣೆಯ ಕಪಾಟು.

"ನೀವು ಮೊದಲನೇ ದಿನ ಒಳಗೆ ಕೂತು ನನ್ನ ಪತ್ನಿ ಅಂತ ಶುರು ಮಾಡಿದಾಗ ನಾನು ಇಲ್ಲೇ ನಿಂತಿದ್ದೆ. ಆ್ಯಪಿಂದ ಆಮೇಲೆ ರಾಕ್ಷಸನ ಹಾಗೆ ಕೇಳಿಸ್ತಿತ್ತೇನೋ. ಇಲ್ಲಿಗೆ ನಿಮ್ಮ ದನಿಯೇ ಬರ್ತಿತ್ತು."

"ಅದಕ್ಕೇ ನಾವು ಕುಕ್ಕರ್ ಇಡೋದನ್ನ ಮುಂದಕ್ಕೆ ಹಾಕ್ತಿದ್ವಿ," ಎಂದರು ಅತ್ತೆಯವರು. "ಸೀಟಿ ಹೊಡೆದ್ರೆ ಏನೂ ಕೇಳಿಸ್ತಿರಲಿಲ್ಲ ನೋಡಿ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು. ಆದರೂ ಕಲಾವಿದನ ಅಭಿಮಾನ ನೋಡಿ, ಆ ಗಳಿಗೆಯಲ್ಲೂ ಅದು ತಲೆ ಎತ್ತಿತು. "ನಿಮಗಿಬ್ಬರಿಗೆ ಗೊತ್ತಿದ್ರೆ ಇರ್ಲಿ. ಲೋಕ ನನ್ನನ್ನ ಮೆಚ್ಚಿದೆ. ಅಷ್ಟೊಂದು ಕೇಳುಗರು..."

"ಯಾವ ಲೋಕ? ನಮ್ಮ ತವರಿನ ಗ್ರೂಪಿಗೆ ನಾನೇ ಕಳಿಸಿದ್ದು. 'ನಮ್ಮನೆಯವ್ರು ಕಪಾಟಲ್ಲಿ ಕೂತು ಮಾತಾಡ್ತಿದ್ದಾರೆ, ಎಲ್ಲರೂ ಕೇಳಿ, ಗೊತ್ತಾಯ್ತು ಅಂತ ಮಾತ್ರ ಹೇಳ್ಬೇಡಿ' ಅಂತ. ಚಿಕ್ಕಪ್ಪನ ಮಕ್ಕಳು, ದೊಡ್ಡಮ್ಮನ ಸೊಸೆಯಂದಿರು, ಸೋದರತ್ತೆ ಮನೆಯವ್ರು, ಎಲ್ಲಾ ಕೇಳ್ತಾರೆ. ಹೊರಗಿನವ್ರು ಅಂದ್ರೆ ನಿಮ್ಮ ವಿಚಾರಣೆ ಒಬ್ರೇ. ಅವ್ರೂ ಕೇಳ್ತಿರೋದು ನಾನು ಹೇಳಿದ್ದಕ್ಕೆ."

"ಹಾಗಾದ್ರೆ ಹಿತೈಷಿ?" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಅತ್ತೆಯವರು ನಾಚಿಕೊಂಡು ತಲೆ ತಗ್ಗಿಸಿದರು. "ನೀವು ಆಮೇಲೆ ಕಾಫಿ ಬಿಸಿಯಾಗಿ ಕೊಟ್ರಿ. ಉಪಕಾರ ಆಯ್ತು ಅಳಿಯಂದಿರೇ."

ಭೂಮಿ ಬಾಯಿ ತೆರೆಯಬಾರದೇ ಎನ್ನಿಸಿತು. ಆದರೆ ಇವಳು ನಗುತ್ತಿರಲಿಲ್ಲ. ಈರುಳ್ಳಿಯನ್ನು ಮುಂದಕ್ಕೆ ಸರಿಸಿ, ನನ್ನ ಕಡೆ ನೋಡದೆ ಹೇಳಿದಳು: "ನಲ್ಲಿ, ಫ್ಯಾನು ಎಲ್ಲ ತಮಾಷೆಗೆ ಹೇಳಿದ್ದು. ಮನೇಲಿ ಹೇಳಿದ್ರೆ ಆಗ್ದಿದ್ದು ಅಲ್ಲಿ ಹೇಳಿದ್ರೆ ಆಗ್ತಿತ್ತು, ಅದಕ್ಕೆ. ಬೆಂಚಿಂದು ಮಾತ್ರ ನಿಜ. ಮುಖ ನೋಡ್ಕೊಂಡು ಹೇಳೋಕೆ ನನ್ನ ಕೈಲಿ ಆಗ್ತಿರಲಿಲ್ಲ."

"ಇನ್ಮೇಲೆ ಮನೇಲೇ ಮಾತಾಡ್ತೀನಿ ಕಣೇ," ಎಂದೆ.

"ಮಾತಾಡಿ."

ಹಾಲಿಗೆ ಬಂದು ಅವಳು ನನ್ನೆದುರು ಕುರ್ಚಿ ಹಾಕಿಕೊಂಡು ಕೂತಳು. ಅತ್ತೆಯವರೂ ಕೂತರು. ನಾನು ಬೆನ್ನು ನೆಟ್ಟಗೆ ಮಾಡಿ ಗಂಟಲು ಸರಿಪಡಿಸಿಕೊಂಡೆ. ಊರಿಗೆಲ್ಲ ದಾರಿ ಹೇಳುವವನಿಗೆ ಒಂದಕ್ಷರ ಹೊರಡಲಿಲ್ಲ. ಕಿಟಕಿಯಾಚೆ ನೋಡಿದೆ.

"ಮೋಡ ಆಗಿದೆ," ಎಂದೆ.

"ಹ್ಞೂಂ."

"ಮಳೆ ಬರ್ಬಹುದು."

"ಬರ್ಬಹುದು."

ಅಲ್ಲಿಗೆ ನನ್ನ ಸರಕು ಖಾಲಿ. ಹಣೆಯಲ್ಲಿ ಬೆವರು. ಸ್ವಲ್ಪ ಹೊತ್ತು ನೋಡಿದ ಇವಳಿಗೆ ಕನಿಕರವಾಯಿತೆಂದು ಕಾಣುತ್ತದೆ. ಎದ್ದು ಬಂದು ನನ್ನ ತೋಳು ಹಿಡಿದಳು. "ಏಳಿ. ಹೋಗಿ ಕಪಾಟಲ್ಲೇ ಕೂತ್ಕೊಳ್ಳಿ. ಬಾಗಿಲು ಹಾಕ್ಕೊಂಡು ಮಾತಾಡಿ. ನಾನು ಹೊರಗೆ ಮಂಚದ ಮೇಲೆ ಕೂತಿರ್ತೀನಿ. ಆ್ಯಪೂ ಬೇಡ, ಗೀಪೂ ಬೇಡ. ನನಗೊಬ್ಬಳಿಗೇ ಹೇಳಿ."

ಹೋದೆ. ಮಡಚಿಕೊಂಡು ಕೂತೆ. ಬಾಗಿಲೆಳೆದುಕೊಂಡೆ. ಕತ್ತಲಾದೊಡನೆ ನಾಲಿಗೆಗೆ ಜೀವ ಬಂತು! ಮೊದಲು, ತಪ್ಪಾಯಿತು, ಕ್ಷಮಿಸು ಎಂದೆ. ಎಂದೂ ಆಡದ ಮಾತು, ಆಡುವಾಗ ನಡುಗಿತು. ಆಮೇಲೆ, ಮದುವೆಯಾದ ಹೊಸತರಲ್ಲಿ ಅವಳು ತವರಿಗೆ ಹೊರಟಾಗ ಅವಳ ಬಸ್ಸನ್ನು ಬೇಕೆಂತಲೇ ಮತ್ತೆ ಮತ್ತೆ ಕೂಗಿ ಮೇಲಧಿಕಾರಿಯಿಂದ ಬೈಸಿಕೊಂಡದ್ದನ್ನು ಹೇಳಿದೆ. ಕಿಟಕಿಯ ಪಕ್ಕ ಕೂತ ಅವಳು ಧ್ವನಿವರ್ಧಕದ ಕಡೆಗೆ ಕೈ ಬೀಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ ಎಂದೆ. ಅವಳಿಲ್ಲದೆ ನನ್ನ ಬದುಕು ಎಲ್ಲಿಗೂ ಹೊರಡದ ಬಸ್ಸು ಎಂದೆ. (ವೃತ್ತಿ ಬಿಡುವುದಿಲ್ಲ ನೋಡಿ.) ಅಷ್ಟರಲ್ಲಿ ನಾನೇ ಅಳತೊಡಗಿ, ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಮೂಗು ಒರೆಸಿಕೊಂಡೆ. ಹೊರಗಿನಿಂದಲೂ ಸೊರಸೊರ ಎಂದು ಮೂಗೆಳೆಯುವ ಸದ್ದು ಕೇಳಿತು. ಅವಳ ಮನಸ್ಸು ಕರಗಿದೆ! ಇನ್ನು ತಡೆಯಲಾರದೆ ಬಾಗಿಲು ತಳ್ಳಿ, ಎರಡೂ ಕೈ ಚಾಚಿ ಹೊರಗೆ ಬಂದೆ.

ಮಂಚದ ಮೇಲೆ ಅತ್ತೆಯವರು ಕೂತಿದ್ದರು. ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ಇನ್ನೊಂದರಲ್ಲಿ ಇವಳ ಫೋನು.

"ಅವಳೆಲ್ಲಿ?" ಎಂದೆ, ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ.

"ನೀವು ಒಳಗೆ ಹೋಗ್ತಿದ್ದ ಹಾಗೇ ಗ್ಯಾಸಿನವನು ಬಂದ. ಸಿಲಿಂಡರ್ ಇಳಿಸ್ಕೊಳ್ಳೋಕೆ ಕೆಳಗೆ ಹೋದಳು. ಒಂದಕ್ಷರಾನೂ ಬಿಡದೆ ರೆಕಾರ್ಡ್ ಮಾಡಮ್ಮ, ಬಂದು ಕೇಳ್ತೀನಿ ಅಂತ ಫೋನು ನನ್ನ ಕೈಗೆ ಕೊಟ್ಟಳು. ಎಷ್ಟು ಚೆನ್ನಾಗಿ ಮಾತಾಡಿದ್ರಿ! ಗ್ರೂಪಲ್ಲಿ ಎಲ್ಲರೂ ಅಳ್ತಿದ್ದಾರೆ."

"ಗ್ರೂಪಿಗೆ ಹಾಕಿದ್ರಾ?"

"ನಾನೆಲ್ಲಿ ಹಾಕಿದೆ? ಒತ್ತಿ ಹಿಡಿದ ಬೆರಳು ಬಿಟ್ಟಾಗೆಲ್ಲ ಅದೇ ಹೋಗ್ತಿತ್ತು." ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ಫೋನನ್ನು ಮತ್ತೆ ನನ್ನತ್ತ ಹಿಡಿದರು. "ಒಂದೇ ಒಂದು ಯಡವಟ್ಟಾಗಿದೆ ಅಳಿಯಂದಿರೇ. ಶುರುವಿನಲ್ಲಿ ತಪ್ಪಾಯ್ತು, ಕ್ಷಮಿಸು ಅಂದ್ರಲ್ಲ, ಆಗ ನಾನಿನ್ನೂ ಒತ್ತಿರಲಿಲ್ಲ. ಒಳಗೆ ಹೋಗಿ, ಅದೊಂದನ್ನ ಇನ್ನೊಂದ್ಸಲ ಹೇಳಿಬಿಡಿ."